ಸಾವಿರ ರೂಪಾಯಿಯೊಳಗೆ ಒಳ್ಳೆ ವೈನ್ ಯಾವುದು?

ನಾಲ್ಕು ಜನ ಸ್ನೇಹಿತರು ಊಟಕ್ಕೆ ಬರ್ತಿದ್ದಾರೆ, ಸಾವಿರ ರೂಪಾಯಿಯೊಳಗೆ ಬೆಂಗಳೂರಿನಲ್ಲಿ ಯಾವ ವೈನ್ ತರಲಿ ಅಂತ ಕೇಳಿದ್ದೀರಿ. ಮೊದಲು ಒಂದು ಮಾತು: ಈ ಬಜೆಟ್ಟಿಗೆ ಫಾರಿನ್ ಬಾಟಲಿ ಬೇಡ. ಅದರ ಮೇಲೆ ಆಮದು ಸುಂಕ ಜಾಸ್ತಿ. ನೀವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ತೆರಿಗೆಗೇ ಹೋಗುತ್ತದೆ, ಕುಡಿಯಲು ಸಿಗುವುದು ಆ ದೇಶದ ತೀರಾ ಸಾಧಾರಣ ವೈನ್.

ಇಲ್ಲಿಯದನ್ನೇ ತಗೊಳ್ಳಿ. ಗ್ರೋವರ್ ಜಂಪಾ ನಮ್ಮ ನಂದಿಬೆಟ್ಟದ ತಪ್ಪಲಿನದು, ಸುಲಾ ನಾಸಿಕ್‌ನದು. ಎರಡರಲ್ಲೂ ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್ ಸಿಗುತ್ತದೆ. ನನ್ನ ಆಯ್ಕೆ ಅದೇ. ಕಡಿಮೆ ಬೆಲೆಯ ಕೆಂಪು ವೈನ್ ಎಷ್ಟೋ ಸಲ ಒಗರು. ನಮ್ಮ ಖಾರದ ಜೊತೆ ಆ ಒಗರು ಇನ್ನೂ ಎದ್ದು ಕಾಣುತ್ತದೆ. ಸುಲಾದ ಶೆನಿನ್‌ನಲ್ಲಿ ಸಣ್ಣ ಸಿಹಿ ಇದೆ, ಅದು ಕೋಳಿ ಸಾರು, ಪೆಪ್ಪರ್ ಚಿಕನ್, ಮೆಣಸಿನಕಾಯಿ ಬಜ್ಜಿ ಎಲ್ಲಕ್ಕೂ ಹೊಂದುತ್ತದೆ. ಮಟನ್ ಮಾಡ್ತಿದ್ದೀರಾ, ಕೆಂಪೇ ಬೇಕಾ? ಹಾಗಾದರೆ ಕ್ಯಾಬರ್ನೆ, ಶಿರಾಜ್ ಅನ್ನುವ ಎರಡು ದ್ರಾಕ್ಷಿ ತಳಿಗಳ ಮಿಶ್ರಣದ ಕೆಂಪು ವೈನ್ ನೋಡಿ.

ಬ್ರಾಂಡ್‌ಗಿಂತ ಮುಖ್ಯ, ಬಾಟಲಿ ಎಷ್ಟು ಹಳೆಯದು ಅನ್ನೋದು. ಏರಿಯಾದ ವೈನ್ ಸ್ಟೋರುಗಳಲ್ಲಿ ಓಡುವುದು ವಿಸ್ಕಿ, ಬ್ರಾಂಡಿ, ಬಿಯರ್. ವೈನ್ ಮೇಲಿನ ಶೆಲ್ಫಿನಲ್ಲಿ, ಟ್ಯೂಬ್‌ಲೈಟ್ ಪಕ್ಕದಲ್ಲಿ ತಿಂಗಳುಗಟ್ಟಲೆ ಸುಮ್ನೆ ನಿಂತಿರುತ್ತದೆ. ಬಾಟಲಿ ತಿರುಗಿಸಿ ಹಿಂದಿನ ಲೇಬಲ್ ಓದಿ. ಎಂಆರ್‌ಪಿ ಹತ್ತಿರವೇ ಸಣ್ಣ ಅಕ್ಷರದಲ್ಲಿ ತಿಂಗಳು, ವರ್ಷ ಇರುತ್ತದೆ. ಬಿಳಿ ವೈನ್ ಆದರೆ ಒಂದೆರಡು ವರ್ಷದೊಳಗಿನದೇ ಇರಲಿ. ವೈನ್ ಹಳೆಯದಾದಷ್ಟೂ ರುಚಿ ಅನ್ನೋದು ಈ ಬೆಲೆಯ ಬಾಟಲಿಗಳಿಗೆ ಅನ್ವಯಿಸುವುದಿಲ್ಲ, ಇವನ್ನು ಬೇಗ ಕುಡಿಯಲೆಂದೇ ಮಾಡಿರುತ್ತಾರೆ. ಮಾರಾಟ ಚೆನ್ನಾಗಿರುವ, ಎಸಿ ಇರುವ ದೊಡ್ಡ ಅಂಗಡಿಗೆ ಹೋದರೆ ಈ ತಾಪತ್ರಯವೇ ಕಡಿಮೆ. ಮುಚ್ಚಳ ತಿರುಗಿಸಿ ತೆಗೆಯುವಂಥದ್ದಾದರೆ ಕೀಳು ಅಂದುಕೊಳ್ಳಬೇಡಿ. ಕಾರ್ಕ್ ತೆಗೆಯುವ ಸ್ಕ್ರೂ ಹುಡುಕುವ ಕೆಲಸ ಉಳಿಯಿತು ಅಷ್ಟೇ.

ಅಗ್ಗದ ಪೋರ್ಟ್ ವೈನ್ ಬೇರೆಯೇ ವಿಷಯ. ಅದು ಸಿಹಿ, ಕ್ರಿಸ್‌ಮಸ್ ಕೇಕ್ ಜೊತೆಗೆ ಚೆನ್ನ. ಊಟಕ್ಕೆ ಬೇಡ.

ಇನ್ನು ತಣ್ಣಗೆ ಮಾಡೋದು. ಇದನ್ನು ಮಾತ್ರ ಮರೀಬೇಡಿ, ಸಾಧಾರಣ ವೈನ್ ಕೂಡ ಇದರಿಂದ ಎಷ್ಟೋ ಸುಧಾರಿಸುತ್ತದೆ. ಬಿಳಿ ವೈನ್ ಎರಡು ಗಂಟೆ ಫ್ರಿಜ್ಜಿನಲ್ಲಿರಲಿ. ಕೆಂಪು ವೈನನ್ನು ರೂಮ್ ಟೆಂಪರೇಚರಿನಲ್ಲಿ ಕೊಡಬೇಕು ಅನ್ನೋದು ಚಳಿ ದೇಶದ ಲೆಕ್ಕ. ನಮ್ಮ ಏಪ್ರಿಲ್ ಸೆಕೆಯಲ್ಲಿ ಹಾಗೇ ಸುರಿದರೆ ಮೂಗಿಗೆ ಬರೀ ಆಲ್ಕೋಹಾಲ್ ವಾಸನೆ ಹೊಡೆಯುತ್ತದೆ. ಅದನ್ನೂ ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡಿ.

750 ಎಂಎಲ್ ಬಾಟಲಿಯಲ್ಲಿ ಐದು ಲೋಟ ಬರುತ್ತದೆ, ನಿಮಗೂ ಸೇರಿ ಎಲ್ಲರಿಗೂ ಒಂದೊಂದು. ಯಾರಾದರೂ ಕುಡಿಯದೆ ಉಳಿದರೆ ಮುಚ್ಚಳ ಬಿಗಿ ಮಾಡಿ ಫ್ರಿಜ್ಜಿನಲ್ಲಿಡಿ, ಎರಡು ಮೂರು ದಿನದಲ್ಲಿ ಮುಗಿಸಿ.