ಬ್ಯಾಡ್ಮಿಂಟನ್ ಆಡಿ ಬಂದ ಹಿಮ್ಮಡಿ ನೋವು ರೆಸ್ಟ್ ಮಾಡಿದರೂ ಯಾಕೆ ಹೋಗುತ್ತಿಲ್ಲ?

ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಚುಚ್ಚಿದ ಹಾಗಾಗುತ್ತದೆ, ಸ್ವಲ್ಪ ಓಡಾಡಿದರೆ ಕಡಿಮೆಯಾಗುತ್ತದೆ ಅಂದಿದ್ದೀರಿ. ಆಟ ಬಿಟ್ಟು ಮೂರು ವಾರ ಆದರೂ ಹಾಗೇ ಇದೆ ಅಂತಲೂ ಬರೆದಿದ್ದೀರಿ. ಇದು ಹೆಚ್ಚಾಗಿ ಪ್ಲಾಂಟರ್ ಫೇಶಿಯೈಟಿಸ್, ಅಂದರೆ ಅಂಗಾಲಿನ ಪಟ್ಟಿಯಿಂದ ಬರುವ ಹಿಮ್ಮಡಿ ನೋವು ಇರಬಹುದು. ನನಗೂ ಬಂದಿತ್ತು. ಮಂಚದ ಅಂಚಿನಲ್ಲಿ ಕೂತು ಕಾಲು ಕೆಳಗಿಡೋಕೇ ಹೆದರುವ ಆ ಗಳಿಗೆ ನನಗೆ ಚೆನ್ನಾಗಿ ಗೊತ್ತು.

ಮೊದಲು ಒಂದು ವಿಷಯ ನೋಡಿಕೊಳ್ಳಿ. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಅಂಗೈಗಳ ನಡುವೆ ಇಟ್ಟು ಒತ್ತಿ. ಆಗ ಜೋರಾಗಿ ನೋವಾದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಆಡುವಾಗ 'ಟಪ್' ಅಂತ ಆಗಿ ಅಂಗಾಲು ನೀಲಿಗಟ್ಟಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ, ರಾತ್ರಿ ಸುಮ್ನೆ ಮಲಗಿದ್ದಾಗಲೂ ನೋವಿದ್ದರೆ ಮುಂದಿನದ್ದನ್ನು ಓದಬೇಡಿ, ಡಾಕ್ಟರ್ ಹತ್ತಿರ ಹೋಗಿ. ಅದ್ಯಾವುದೂ ಇಲ್ಲದೆ, ಹಿಮ್ಮಡಿಯ ತಳದಲ್ಲಿ ಒಳಬದಿಗೆ ಒಂದೇ ಜಾಗದಲ್ಲಿ ಒತ್ತಿದರೆ ನೋವು ಅನ್ನುವುದಾದರೆ ಮುಂದೆ ಓದಿ.

ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ನೆಗೆದು ಇಳಿದಾಗ, ಮುಂದೆ ಚಾಚಿ ಶಟಲ್ ಎತ್ತುವಾಗ ಭಾರವೆಲ್ಲ ಅದರ ಮೇಲೆ. ರೆಸ್ಟ್ ಮಾಡಿದರೆ ಆ ಎಳೆತ ತಪ್ಪುತ್ತದೆ, ಸರಿ. ಆದರೆ ಪಟ್ಟಿಗೆ ಬಲ ಬರಲ್ಲ ಅಲ್ವಾ? ಕೋರ್ಟಿಗೆ ವಾಪಸ್ ಹೋದ ದಿನ ಮತ್ತೆ ಅದೇ ಕಥೆ. ಅದಕ್ಕೇ ನನ್ನ ಪ್ರಕಾರ ನೀವು ಮಾಡಬೇಕಾದ್ದು ಅದಕ್ಕೆ ನಿಧಾನವಾಗಿ ಭಾರ ಹೊರಿಸುವುದು.

ನನಗೆ ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಇದು. ಒಂದು ಟವೆಲ್ ಸುತ್ತಿ ಮೆಟ್ಟಿಲಿನ ಅಂಚಿನಲ್ಲಿ ಇಡಿ. ಬೆರಳುಗಳು ಅದರ ಮೇಲೆ ಏರಿ ಮೇಲಕ್ಕೆ ಬಾಗಿರಬೇಕು, ಹಿಮ್ಮಡಿ ಹೊರಗೆ ಗಾಳಿಯಲ್ಲಿರಬೇಕು. ಗೋಡೆ ಹಿಡಿದು, ನೋವಿರುವ ಒಂದೇ ಕಾಲಿನ ಮೇಲೆ ನಿಂತು 3 ಸೆಕೆಂಡಿನಲ್ಲಿ ಹಿಮ್ಮಡಿ ಎತ್ತಿ, 2 ಸೆಕೆಂಡ್ ಹಾಗೇ ನಿಲ್ಲಿ, 3 ಸೆಕೆಂಡಿನಲ್ಲಿ ಇಳಿಸಿ. 12 ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಆಗಲ್ಲ ಅನ್ನಿಸಿದರೆ ಮೊದಮೊದಲು ಎರಡೂ ಕಾಲಲ್ಲಿ ಮಾಡಿ. ಸಲೀಸಾದ ಮೇಲೆ ಬ್ಯಾಗಿಗೆ ಪುಸ್ತಕ ತುಂಬಿ ಬೆನ್ನಿಗೆ ಹಾಕಿಕೊಳ್ಳಿ. ನೋಡೋಕೆ ತಮಾಷೆಯಾಗಿರುತ್ತದೆ, ಮನೆಯವರು ನಗುತ್ತಾರೆ, ನಗಲಿ. 2014ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಇದನ್ನು ಸ್ಟ್ರೆಚಿಂಗ್ ಜೊತೆ ಹೋಲಿಸಿದ್ದರು. ಮೂರು ತಿಂಗಳಿಗೆ ಈ ವ್ಯಾಯಾಮ ಮಾಡಿದವರಿಗೆ ಜಾಸ್ತಿ ಗುಣ ಕಂಡಿತ್ತು, ವರ್ಷದ ಹೊತ್ತಿಗೆ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ.

ಮಾಡುವಾಗ ತಡೆದುಕೊಳ್ಳುವಷ್ಟು ನೋವಾದರೆ ಪರವಾಗಿಲ್ಲ. ಮರುದಿನ ಬೆಳಗಿನ ಮೊದಲ ಹೆಜ್ಜೆ ಹೇಗಿದೆ ನೋಡಿ. ದಿನಕ್ಕಿಂತ ಜೋರಾಗಿದ್ದರೆ ಭಾರ ಇಳಿಸಿ.

ಸ್ಟ್ರೆಚಿಂಗ್ ಬಿಡಬೇಡಿ. ಹಾಸಿಗೆ ಬಿಡುವ ಮೊದಲೇ ಕಾಲಿನ ಮೇಲೆ ಕಾಲು ಹಾಕಿ, ಬೆರಳುಗಳನ್ನು ಕೈಯಲ್ಲಿ ಹಿಂದಕ್ಕೆ ಎಳೆದು 10 ಸೆಕೆಂಡ್ ಹಿಡಿದುಕೊಳ್ಳಿ, ಹತ್ತು ಸಲ. ಆಮೇಲೆ ಕಾಲು ಕೆಳಗಿಡಿ. ಮನೆಯೊಳಗೂ ಮೆತ್ತನೆ ಚಪ್ಪಲಿ ಇರಲಿ. ಐಸ್ ಇಟ್ಟರೆ ಆ ಹೊತ್ತಿಗೆ ಹಿತ, ಅಷ್ಟೇ.

ಎಕ್ಸ್‌ರೇಯಲ್ಲಿ ಹಿಮ್ಮಡಿ ಮೂಳೆ ಬೆಳೆದಿದೆ ಅಂತ ಬಂದರೆ ಗಾಬರಿ ಬೇಡ, ನೋವೇ ಇಲ್ಲದ ಎಷ್ಟೋ ಜನರಿಗೂ ಅದು ಇರುತ್ತದೆ. ಸ್ಟೀರಾಯ್ಡ್ ಇಂಜೆಕ್ಷನ್ ತಗೊಂಡರೆ ನೋವು ಬೇಗ ಇಳಿಯಬಹುದು, ಆದರೆ ಆ ಆರಾಮ ಬಹಳ ಕಾಲ ಇರಲ್ಲ. ಪಟ್ಟಿ ಹರಿಯುವ ಅಪಾಯವೂ ಇದೆ. ಟೂರ್ನಮೆಂಟ್ ಹತ್ತಿರ ಬಂತು ಅಂತ ಅದನ್ನು ಹಾಕಿಸಿಕೊಂಡು ಕೋರ್ಟಿಗೆ ಇಳಿಯಬೇಡಿ. ವಾಸಿಯಾಗೋಕೆ ತಿಂಗಳುಗಳೇ ಬೇಕು. ನಡೆಯುವಾಗ ನೋವು ಹೋದ ಮೇಲೆ ಮೊದಲು ನಿಂತಲ್ಲೇ ರ‍್ಯಾಲಿ, ಆಮೇಲೆ ಡಬಲ್ಸ್, ಸಿಂಗಲ್ಸ್ ಕೊನೆಗೆ.