ಶಿರಸಿಯಲ್ಲಿ ಟ್ಯುಲಿಪ್ ಗಡ್ಡೆ ನೆಟ್ಟರೆ ವರ್ಷ ವರ್ಷ ಹೂ ಬಿಡುತ್ತದಾ?

ಟ್ಯುಲಿಪ್ ಗಡ್ಡೆ ಆನ್‌ಲೈನ್‌ನಲ್ಲಿ ತರಿಸಿದ್ದೀರಿ. ಶಿರಸಿಯ ಮನೆಯಂಗಳದಲ್ಲಿ ಒಮ್ಮೆ ನೆಟ್ಟರೆ ಪ್ರತಿ ವರ್ಷ ತಾನಾಗಿ ಹೂ ಬಿಡುತ್ತದಾ ಅಂತ ಕೇಳಿದ್ದೀರಿ. ಬಿಡುವುದಿಲ್ಲ. ನಾನೂ ಇದೇ ಆಸೆಗೆ ಬಿದ್ದು ದುಡ್ಡು ಕಳೆದುಕೊಂಡವಳು.

ಟ್ಯುಲಿಪ್ ಮೂಲದಲ್ಲಿ ಮಧ್ಯ ಏಷ್ಯಾದ ಬೆಟ್ಟಗಳ ಗಿಡ. ಅದಕ್ಕೆ 12ರಿಂದ 16 ವಾರ, 9 ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ನಮ್ಮಲ್ಲಿ ಡಿಸೆಂಬರ್ ಬೆಳಿಗ್ಗೆ ಕಂಬಳಿ ಬಿಟ್ಟು ಏಳಲು ಮನಸ್ಸಾಗದಿದ್ದರೂ ಮಧ್ಯಾಹ್ನ ಬೆವರು ಬರುತ್ತದೆ ಅಲ್ವಾ? ಫ್ರಿಜ್ಜಿನಲ್ಲಿಟ್ಟು ಗಡ್ಡೆಗೆ ಮೋಸ ಮಾಡಬಹುದು. ನಾನು ತರಕಾರಿ ಟ್ರೇಯಲ್ಲಿ ಮೂರು ತಿಂಗಳು ಇಟ್ಟೆ, ಪಕ್ಕದಲ್ಲೇ ಸೇಬು, ಚಿಕ್ಕು. ಹಣ್ಣಿನಿಂದ ಬರುವ ಎಥಿಲಿನ್ ಅನಿಲ ಗಡ್ಡೆಯೊಳಗಿನ ಮೊಗ್ಗನ್ನೇ ಕೊಲ್ಲುತ್ತದೆ ಅಂತ ಆಗ ಗೊತ್ತಿರಲಿಲ್ಲ. ಹತ್ತರಲ್ಲಿ ಮೂರು ಹೂ ಬಿಟ್ಟವು. ಮರುವರ್ಷ ಅದೂ ಇಲ್ಲ. ಹೂ ಬಿಟ್ಟ ಹಳೇ ಗಡ್ಡೆ ಸವೆದು ಹೋಗುತ್ತದೆ, ಎಲೆಯ ಬಲದಲ್ಲಿ ಹೊಸದು ತುಂಬಿಕೊಳ್ಳಬೇಕು. ನಮ್ಮ ಮಾರ್ಚ್ ಬಿಸಿಲಿಗೆ ಎಲೆ ಅಷ್ಟು ದಿನ ಬಾಳುವುದಿಲ್ಲ. ಉಳಿದದ್ದನ್ನು ಮಳೆಗಾಲ ಕೊಳೆಸುತ್ತದೆ.

ನಮ್ಮ ಕಡೆ ಗಡ್ಡೆಗಳನ್ನು ಎಬ್ಬಿಸುವುದು ಮಳೆ. ಹಾಗಾಗಿ ಒಣ ತಿಂಗಳುಗಳಲ್ಲಿ ಮಲಗುವ ಗಿಡ ಹುಡುಕಿ.

ನಮ್ಮ ತುಳಸಿಕಟ್ಟೆಯ ಬದಿಗೆ ಮೇ ಫ್ಲವರ್ ಇದೆ, ಕೆಂಪು ಚೆಂಡಿನಂಥ ಹೂವಿನದು. ನಾನು ಮದುವೆಯಾಗಿ ಬರುವಾಗಲೇ ಇತ್ತು. ಅತ್ತೆ ಅದಕ್ಕೆ ನೀರು ಹಾಕಿದ್ದನ್ನು ನಾನು ಕಂಡಿಲ್ಲ. ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದರೆ ಸಾಕು, ಬರೀ ನೆಲದಿಂದ ದಂಟು ಎದ್ದು ಚೆಂಡು ಅರಳುತ್ತದೆ. ಆಮೇಲೆ ಬರುವ ಎಲೆಯನ್ನು ಮಾತ್ರ ಚಂದ ಕಾಣುವುದಿಲ್ಲ ಅಂತ ಕತ್ತರಿಸಬೇಡಿ. ಮುಂದಿನ ವರ್ಷದ ಹೂ ಅದರಿಂದಲೇ. ತಾನಾಗಿ ಹಳದಿಯಾಗಿ ಬೀಳಲಿ.

ಇನ್ನು ಡೇರೆ, ಅಂದರೆ ಡೇಲಿಯಾ. ಶಿರಸಿ ಸೀಮೆಯಲ್ಲಿದ್ದು ಡೇರೆ ಬೆಳೆಯದಿದ್ದರೆ ಹೇಗೆ! ಮಳೆಗಾಲದ ಶುರುವಿಗೆ ನೆಟ್ಟರೆ ಚೌತಿ ಹೊತ್ತಿಗೆ ಅಂಗಳ ತುಂಬ ಹೂ. ಗಡ್ಡೆ ಬಿಡಿಸುವಾಗ ಪ್ರತಿಯೊಂದಕ್ಕೂ ಹಳೇ ಕಾಂಡದ ಬುಡ ಸ್ವಲ್ಪ ಅಂಟಿರಬೇಕು, ಕಣ್ಣಿರುವುದು ಅಲ್ಲಿ. ಅದಿಲ್ಲದ ಗಡ್ಡೆ ಎಷ್ಟೇ ದಪ್ಪವಿದ್ದರೂ ಚಿಗುರುವುದಿಲ್ಲ. ಮಣ್ಣು ಏರಿಸಿ ನೆಡಿ, ಕೋಲು ಕಟ್ಟಿ. ಗಿಡ ಒಣಗಿದ ಮೇಲೆ ಕಿತ್ತು ಮರಳಿನಲ್ಲಿ ನೆರಳಿಗಿಡಿ. ನೆಲದಲ್ಲೇ ಬಿಟ್ಟರೆ ಹಂದಿಯೋ ಮುಳ್ಳುಹಂದಿಯೋ ಬಂದೇ ಬರುತ್ತವೆ. ದುಡ್ಡು ಕೊಟ್ಟು ತರಬೇಡಿ, ಯಾರ ಮನೆಯಲ್ಲಿ ಕೇಳಿದರೂ ಒಂದು ಗಡ್ಡೆ ಕೊಡುತ್ತಾರೆ. ಬದಲಿಗೆ ನಿಮ್ಮಲ್ಲಿಲ್ಲದ ಬಣ್ಣದ ಕಥೆ ಅರ್ಧ ಗಂಟೆ ಕೇಳಬೇಕು, ಅಷ್ಟೆ.

ಕಾರವಾರದ ನನ್ನ ತಂಗಿಯ ಅಂಗಳದಲ್ಲಿ ಮರಳು ಜಾಸ್ತಿ, ನೀರು ನಿಲ್ಲುವುದಿಲ್ಲ. ಅವಳಲ್ಲಿ ಸುಗಂಧರಾಜ, ರೇನ್ ಲಿಲ್ಲಿ ಎರಡೂ ನನ್ನದಕ್ಕಿಂತ ಚೆನ್ನಾಗಿವೆ.

ಒಂದು ಎಚ್ಚರ. ಮೇ ಫ್ಲವರ್, ರೇನ್ ಲಿಲ್ಲಿ ಗಡ್ಡೆಗಳು ವಿಷ, ನೋಡಲು ಈರುಳ್ಳಿಯ ಹಾಗೇ ಇರುತ್ತವೆ. ಕಿತ್ತದ್ದನ್ನು ಅಡುಗೆಮನೆ ಹತ್ತಿರ ಇಡಬೇಡಿ, ದನ ಬಾಯಿ ಹಾಕುವಲ್ಲೂ ಬೇಡ.

ತರಿಸಿದ ಟ್ಯುಲಿಪ್ ಎಸೆಯಬೇಡಿ. ಕಾಗದದ ಚೀಲದಲ್ಲಿ ಹಾಕಿ ಮೂರು ತಿಂಗಳು ಫ್ರಿಜ್ಜಿನಲ್ಲಿಡಿ, ಹಣ್ಣು ಬೇರೆ ಕಡೆ ಇರಲಿ. ಜನವರಿ ಮೊದಲ ವಾರದೊಳಗೆ ಕುಂಡದಲ್ಲಿ ನೆಟ್ಟು ತಂಪಾದ ಮೂಲೆಯಲ್ಲಿಡಿ. ಹೂ ಬಿಟ್ಟರೆ ಫೋಟೋ ತೆಗೆದುಕೊಳ್ಳಿ, ಗಡ್ಡೆ ಗೊಬ್ಬರದ ಗುಂಡಿಗೆ.