ಬೆಚ್ಚಗಿನ ತೊರೆಯಲ್ಲಿ ಕೋಹೊ ಮರಿ ದೊಡ್ಡದಿದೆ ಅಂತ ದಂಡೆಯ ಮರ ಕಡಿಯಬೇಡಿ

ಮೇಲಿನ ಪ್ರಶ್ನೆಗೆ ಉತ್ತರ. ಹೊಸದಾಗಿ ಓದುವವರಿಗಾಗಿ ಪ್ರಶ್ನೆ ಇಷ್ಟು: ವಾಷಿಂಗ್ಟನ್ ರಾಜ್ಯದ ಎರಡು ಪುಟ್ಟ ತೊರೆಗಳಲ್ಲಿ ಸೆಪ್ಟೆಂಬರ್‌ನಲ್ಲಿ ಕೋಹೊ ಸಾಲ್ಮನ್ (ತೊರೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು ಮರಳುವ ಮೀನು) ಮರಿಗಳನ್ನು ಅಳೆದಿದ್ದಾರೆ. ಮರಗಳ ನೆರಳಿರುವ ತೊರೆಯಲ್ಲಿ ಸರಾಸರಿ ಉದ್ದ 64 ಮಿ.ಮೀ., ದಂಡೆ ಬೋಳಾಗಿರುವ ತೊರೆಯಲ್ಲಿ 77 ಮಿ.ಮೀ. ಹಾಗಾದರೆ ನೆರಳು ಕಡಿಮೆ ಮಾಡಬೇಕೇ, ತೊರೆಯೊಳಗೆ ಮರದ ದಿಮ್ಮಿ ಹಾಕಿದರೆ ಮರಿ ಬೆಳೆಯುತ್ತದೆಯೇ ಎಂದು ಕೇಳಿದ್ದಾರೆ.

ಮೊದಲ ಮಾತು, ಈ ಎರಡು ಸರಾಸರಿಗಳಿಂದ ಬೆಳವಣಿಗೆಯ ಬಗ್ಗೆ ಏನನ್ನೂ ಹೇಳಲಾಗದು. ಬೆಚ್ಚಗಿನ ನೀರಲ್ಲಿ ಮೊಟ್ಟೆ ಬೇಗ ಒಡೆಯುತ್ತದೆ, ಮರಿ ತೊರೆತಳದ ಜಲ್ಲಿಯಿಂದ ವಾರಗಟ್ಟಲೆ ಮುಂಚೆ ಹೊರಗೆ ಬರುತ್ತದೆ. ಅಂದರೆ ಸೆಪ್ಟೆಂಬರ್ ಹೊತ್ತಿಗೆ ಅದರ ವಯಸ್ಸೇ ಹೆಚ್ಚು. ಬೋಳು ತೊರೆಯಲ್ಲಿ ಸಣ್ಣ ಮರಿಗಳು ಸತ್ತೋ ಕೆಳಕ್ಕೆ ಹೋಗಿಯೋ ಇದ್ದರೆ ಉಳಿದ ದೊಡ್ಡವೇ ಬಲೆಗೆ ಸಿಗುತ್ತವೆ, ಸರಾಸರಿ ತಾನಾಗಿ ಏರುತ್ತದೆ. ಮೂರನೆಯದು ಸಾಂದ್ರತೆ: ಒಂದು ಚದರ ಮೀಟರಿಗೆ ಮರಿ ಕಡಿಮೆಯಿದ್ದಷ್ಟೂ ಒಂದೊಂದಕ್ಕೆ ಸಿಗುವ ಆಹಾರ ಹೆಚ್ಚು. ಮರಿ ದೊಡ್ಡದಿದ್ದರೂ ಒಟ್ಟು ಎಷ್ಟು ಮರಿ ಉಳಿದಿವೆ ಎಂದು ಎಣಿಸದಿದ್ದರೆ, ಹಾಳಾದ ತೊರೆಯೇ ಚೆನ್ನಾಗಿ ಕಾಣುತ್ತದೆ.

ಕೆನಡಾದ ವ್ಯಾಂಕೂವರ್ ದ್ವೀಪದ ಕಾರ್ನೇಷನ್ ಕ್ರೀಕ್‌ನಲ್ಲಿ 1970ರ ದಶಕದಿಂದ ನಡೆದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಮರ ಕಡಿದ ಮೇಲೆ ನೀರು ಬೆಚ್ಚಗಾಯಿತು, ಕೋಹೊ ಮರಿಗಳು ಬೇಗ ಹೊರಬಂದವು, ಬೇಸಿಗೆ ಕೊನೆಗೆ ದೊಡ್ಡದಾದವು, ಚಳಿಗಾಲದಲ್ಲಿ ಹೆಚ್ಚು ಉಳಿದವು. ಅಲ್ಲಿಯವರೆಗೆ ಎಲ್ಲ ಲಾಭವೇ. ಆದರೆ ಅವು ವಸಂತದಲ್ಲಿ ಸಮುದ್ರಕ್ಕೆ ಹೊರಡುವುದೂ ಮುಂಚೆಯಾಯಿತು, ಸಮುದ್ರದಲ್ಲಿ ಬದುಕುಳಿಯುವ ಪ್ರಮಾಣ ತಗ್ಗಿತು. ತೊರೆಯಲ್ಲಿ ಗಳಿಸಿದ್ದರಲ್ಲಿ ಬಹುಪಾಲು ಸಮುದ್ರದಲ್ಲಿ ಹೋಯಿತು.

ಇನ್ನು ಉಷ್ಣಾಂಶ. ಹೊಟ್ಟೆ ತುಂಬ ಆಹಾರವಿದ್ದರೆ ಕೋಹೊ ಮರಿ ಸುಮಾರು 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಆಹಾರ ಕಡಿಮೆಯಾದಂತೆ ಈ ಅನುಕೂಲದ ಉಷ್ಣಾಂಶವೂ ಕೆಳಕ್ಕೆ ಜಾರುತ್ತದೆ, ಬಹಳ ಜನ ಮರೆಯುವುದು ಇದನ್ನೇ. ಬೆಚ್ಚಗಿನ ನೀರಲ್ಲಿ ಸುಮ್ಮನೆ ನಿಂತಿದ್ದರೂ ಮೈಗೆ ಬೇಕಾಗುವ ಶಕ್ತಿ ಏರುತ್ತದೆ. ಆ ಖರ್ಚು ತುಂಬುವಷ್ಟು ಹುಳ ಹರಿದು ಬರದಿದ್ದರೆ 18 ಡಿಗ್ರಿಯಲ್ಲಿ ಮರಿ ತೂಕ ಕಳೆದುಕೊಳ್ಳುತ್ತದೆ; ಅದೇ ಆಹಾರದಲ್ಲಿ 12 ಡಿಗ್ರಿಯಲ್ಲಿ ಅಷ್ಟಿಷ್ಟು ಬೆಳೆಯಬಹುದು. ಹಾಗಾಗಿ ಥರ್ಮಾಮೀಟರ್ ಒಂದನ್ನೇ ನಂಬಬೇಡಿ. ಲಾಗರ್ (ಉಷ್ಣಾಂಶವನ್ನು ತಾನೇ ದಾಖಲಿಸುವ ಸಾಧನ) ಅನ್ನು ನೆರಳಿನ ಕೊಳವೆಯೊಳಗೆ, ನೀರು ಆಡುವ ಜಾಗದಲ್ಲಿ ಕಟ್ಟಿ 30 ನಿಮಿಷಕ್ಕೊಮ್ಮೆ ದಾಖಲಾಗುವಂತೆ ಇಡಿ. ದಿನದ ಗರಿಷ್ಠಗಳ ಏಳು ದಿನದ ಸರಾಸರಿ ತೆಗೆಯಿರಿ. ವಾಷಿಂಗ್ಟನ್‌ನ ನಿಯಮದಲ್ಲಿ ಸಾಲ್ಮನ್ ಮರಿಗಳ ತಣ್ಣೀರಿನ ಮುಖ್ಯ ನೆಲೆಗೆ ಈ ಮಿತಿ 16 ಡಿಗ್ರಿ. ಬಿಸಿಲಿಗೆ ಬಿದ್ದ ಲಾಗರ್ ನೀರಿನದಲ್ಲ, ಬಿಸಿಲಿನ ಲೆಕ್ಕ ಕೊಡುತ್ತದೆ.

ಆಹಾರ ಎಲ್ಲಿಂದ? ಕಲ್ಲುಗಳ ಮೇಲೆ ತೆಳುವಾಗಿ ಹರಿಯುವ ಭಾಗದಲ್ಲಿ ಹುಟ್ಟಿದ ನೀರಹುಳಗಳು ತೇಲಿ ಮಡುವಿಗೆ ಬರುತ್ತವೆ. ದಂಡೆಯ ಗಿಡಮರಗಳಿಂದ ಉದುರುವ ಹುಳಗಳೂ ಬೇಸಿಗೆಯಲ್ಲಿ ದೊಡ್ಡ ಪಾಲು. ಮರ ಕಡಿದರೆ ಈ ಎರಡನೆಯ ಪಾಲು ನಿಲ್ಲುತ್ತದೆ. ಮಡುವಿನ ಬಾಯಲ್ಲಿ ಒಂದು ಮರಿಯನ್ನು ಹತ್ತು ನಿಮಿಷ ನೋಡಿ. ಅದು ಕಲ್ಲು ಅಥವಾ ಬೇರಿನ ಹಿಂದಿನ ನಿಧಾನದ ನೀರಲ್ಲಿ ಮೂಗು ಮೇಲ್ಹರಿವಿಗೆ ತಿರುಗಿಸಿ ನಿಂತಿರುತ್ತದೆ, ಪಕ್ಕದ ವೇಗದ ಎಳೆಯಲ್ಲಿ ಏನಾದರೂ ಬಂದರೆ ಚಿಮ್ಮಿ ಹಿಡಿದು ಮತ್ತೆ ಅದೇ ಜಾಗಕ್ಕೆ ಮರಳುತ್ತದೆ. ಬಲಿಷ್ಠ ಮರಿಗೆ ಆ ಜಾಗ, ಉಳಿದವಕ್ಕೆ ಹಿಂದಿನ ಸಾಲು. ನಿಧಾನದ ನೀರು ಮತ್ತು ವೇಗದ ನೀರು ಗೇಣಿನಷ್ಟು ದೂರದಲ್ಲಿ ಒಟ್ಟಿಗಿರುವ ಇಂಥ ಅಂಚುಗಳು ಎಷ್ಟಿವೆಯೋ, ಚೆನ್ನಾಗಿ ಬೆಳೆಯುವ ಮರಿಗಳೂ ಹೆಚ್ಚುಕಡಿಮೆ ಅಷ್ಟೇ. ದಿಮ್ಮಿ ಹಾಕುವುದರ ಅರ್ಥ ಈ ಅಂಚುಗಳನ್ನು ಹೆಚ್ಚಿಸುವುದು.

ಆದರೆ ಹೂಳು ತುಂಬಿದ ತೊರೆಗೆ ದಿಮ್ಮಿ ಹಾಕಿ ಪ್ರಯೋಜನ ಕಡಿಮೆ. ಕಲ್ಲುಗಳ ಸಂದಿಯಲ್ಲಿ ಮರಳು, ಹೂಳು ಕೂತರೆ ತೇಲಿ ಬರುವ ಹುಳಗಳ ಬದಲು ಮಣ್ಣಿನೊಳಗೆ ಬಿಲ ತೋಡುವ ಹುಳಗಳು ಹೆಚ್ಚುತ್ತವೆ, ಅವು ಮೀನಿಗೆ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದ ಈಲ್ ನದಿಯಲ್ಲಿ ಸ್ಟೀಲ್‌ಹೆಡ್ (ಸಮುದ್ರಕ್ಕೆ ಹೋಗಿಬರುವ ಟ್ರೌಟ್ ಮೀನು) ಮರಿಗಳ ಮೇಲೆ ನಡೆದ ಪ್ರಯೋಗದಲ್ಲಿ ಸಣ್ಣ ಹೂಳು ಹೆಚ್ಚಿದಂತೆ ಬೆಳವಣಿಗೆ ನೇರವಾಗಿ ಇಳಿಯುತ್ತಾ ಹೋಯಿತು. ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಮಿತಿಯೇ ಕಾಣಲಿಲ್ಲ. ಮುಷ್ಟಿಗಾತ್ರದ ಕಲ್ಲು ಎತ್ತಿ ನೋಡಿ. ಅರ್ಧಕ್ಕಿಂತ ಹೆಚ್ಚು ಹೂತಿದ್ದು, ಎತ್ತಿದಾಗ ಕಂದು ಮೋಡ ಎದ್ದರೆ ಮೊದಲು ಮೇಲಿನ ಮಣ್ಣಿನ ರಸ್ತೆ, ಕುಸಿದ ದಂಡೆ ಸರಿಮಾಡಿ.

ಕೋಹೊ ತೊರೆಯಲ್ಲಿ ಸಾಮಾನ್ಯವಾಗಿ ಒಂದು ಪೂರ್ತಿ ವರ್ಷ ಇರುತ್ತದೆ, ಆದ್ದರಿಂದ ಚಳಿಗಾಲದ ನೆಲೆ ಬೇಸಿಗೆಯದಕ್ಕಿಂತ ಮುಖ್ಯ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಶರತ್ಕಾಲದ ಮೊದಲ ಪ್ರವಾಹಕ್ಕೆ ಮರಿಗಳು ಮುಖ್ಯ ಹರಿವು ಬಿಟ್ಟು ಬದಿಗಾಲುವೆ, ಬೀವರ್ (ತೊರೆಗೆ ಕಟ್ಟೆ ಕಟ್ಟುವ ಪ್ರಾಣಿ) ಕೊಳ, ಜೌಗಿನ ನೀರಿಗೆ ಹೋಗುತ್ತವೆ. ಅಂಥ ಕೊಳದಲ್ಲಿ ಚಳಿಗಾಲ ಕಳೆದವು ದಪ್ಪಗೆ ಬೆಳೆದು ಹೊರಡುತ್ತವೆ. ಬದಿಗಾಲುವೆಯ ಬಾಯಿ ಹೂಳಿನಿಂದಲೋ ಎತ್ತರಕ್ಕೆ ಕೂತ ಮೋರಿಯಿಂದಲೋ ಮುಚ್ಚಿದ್ದರೆ ಬೇಸಿಗೆಯ 64 ಆಗಲಿ 77 ಆಗಲಿ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಸಾಲ್ಮನ್ ಜಾತಿಯಾದ ಚಿನೂಕ್ ಮರಿಗಳಲ್ಲೂ ಇಂಥದ್ದೇ ಕಂಡಿದೆ: ಕ್ಯಾಲಿಫೋರ್ನಿಯಾದ ಯೋಲೋ ಬೈಪಾಸ್‌ನ ಪ್ರವಾಹ ಬಯಲಿನಲ್ಲಿದ್ದವು ಪಕ್ಕದ ಸ್ಯಾಕ್ರಮೆಂಟೊ ನದಿಯಲ್ಲಿದ್ದವಕ್ಕಿಂತ ಬೇಗ ಬೆಳೆದವು.

ಬೆಳವಣಿಗೆ ಅಳೆಯುವ ಕ್ರಮ ಹೀಗಿರಲಿ. ಎರಡೂ ತೊರೆಯಲ್ಲಿ ಒಂದೇ ವಾರ, ಒಂದೇ ಬಗೆಯ ಜಾಗಗಳಲ್ಲಿ ಹಿಡಿಯಿರಿ. ಮೂತಿಯಿಂದ ಬಾಲದ ಕವಲಿನವರೆಗಿನ ಉದ್ದ, 0.1 ಗ್ರಾಂವರೆಗಿನ ತೂಕ ಬರೆಯಿರಿ. ಸುಮಾರು 65 ಮಿ.ಮೀ. ದಾಟಿದವಕ್ಕೆ 12 ಮಿ.ಮೀ. ಪಿಟ್ ಟ್ಯಾಗ್ (ಮೈಯೊಳಗೆ ಇಡುವ ಗುರುತಿನ ಚಿಪ್) ಹಾಕಿದರೆ ಅದೇ ಮೀನನ್ನು ಮತ್ತೆ ಅಳೆಯಬಹುದು, ಆಗ ಮೇಲೆ ಹೇಳಿದ ಗೊಂದಲಗಳೆಲ್ಲ ಬಹುಮಟ್ಟಿಗೆ ತಪ್ಪುತ್ತವೆ. 2.4 ಗ್ರಾಂ ಇದ್ದದ್ದು 45 ದಿನದಲ್ಲಿ 4.1 ಗ್ರಾಂ ಆಗಿದ್ದರೆ, ಎರಡು ತೂಕಗಳ ಸ್ವಾಭಾವಿಕ ಲಾಗ್‌ಗಳ ವ್ಯತ್ಯಾಸವನ್ನು 45ರಿಂದ ಭಾಗಿಸಿ 100ರಿಂದ ಗುಣಿಸಿ: ದಿನಕ್ಕೆ ಸುಮಾರು 1.2 ಶೇಕಡಾ. ಮೈಕಟ್ಟು ನೋಡಲು ತೂಕವನ್ನು ಸೆಂಟಿಮೀಟರ್ ಉದ್ದದ ಘನದಿಂದ ಭಾಗಿಸಿ 100ರಿಂದ ಗುಣಿಸಿ, 7 ಸೆಂ.ಮೀ., 3.8 ಗ್ರಾಂ ಮರಿಗೆ 1.1 ಬರುತ್ತದೆ. ಉದ್ದ ಹೆಚ್ಚಿದ್ದೂ ಈ ಅಂಕಿ ಬೇಸಿಗೆಯುದ್ದಕ್ಕೂ ಇಳಿಯುತ್ತಿದ್ದರೆ ಮರಿಗೆ ಆಹಾರ ಸಾಲುತ್ತಿಲ್ಲ. ನೀರು 18 ಡಿಗ್ರಿ ದಾಟಿದ್ದರೆ ಎಲೆಕ್ಟ್ರೊಫಿಶಿಂಗ್ (ನೀರಿಗೆ ವಿದ್ಯುತ್ ಹಾಯಿಸಿ ಮೀನು ಹಿಡಿಯುವುದು) ಬೇಡ, ಬೆಳಗಿನ ತಂಪಿನಲ್ಲೇ ಮುಗಿಸಿ. ಮೀನು ಹಿಡಿಯಲು ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಅನುಮತಿ ಬೇಕು. ವಾಷಿಂಗ್ಟನ್‌ನ ಸಮುದ್ರದ ಚಾಚಾದ ಪ್ಯೂಜೆಟ್ ಸೌಂಡ್‌ಗೆ ಸೇರುವ ತೊರೆಯಾದರೆ ಚಿನೂಕ್, ಸ್ಟೀಲ್‌ಹೆಡ್ ಅಪಾಯದಂಚಿನ ಪಟ್ಟಿಯಲ್ಲಿರುವುದರಿಂದ ಅಮೆರಿಕದ ಕೇಂದ್ರ ಸರ್ಕಾರದ ಅನುಮತಿಯೂ ಬೇಕಾಗುತ್ತದೆ.

ದಿಮ್ಮಿ ಹಾಕುವುದೇ ಆದರೆ ಒರೆಗಾನ್ ಮಾರ್ಗಸೂಚಿಯ ಅಳತೆ ಹಿಡಿಯಿರಿ: ದಂಡೆ ತುಂಬಿ ಹರಿದಾಗಿನ ಅಗಲದ ಎರಡರಷ್ಟು ಉದ್ದ, ಬೇರಿನ ಬುಡ ಸಮೇತ ಇದ್ದರೆ ಒಂದೂವರೆಯಷ್ಟು. 6 ಮೀಟರ್ ಅಗಲಕ್ಕೆ 12 ಅಥವಾ 9 ಮೀಟರ್. ಇದಕ್ಕಿಂತ ಗಿಡ್ಡವು ಮೊದಲ ದೊಡ್ಡ ಪ್ರವಾಹಕ್ಕೇ ತೇಲಿ ಕೆಳಗಿನ ಮೋರಿಗೆ ಸಿಕ್ಕಿಕೊಳ್ಳುತ್ತವೆ. ಒಂದೊಂದಾಗಿ ಅಲ್ಲ, ಎರಡು ಮೂರು ಸೇರಿಸಿ ಒಂದರ ಮೇಲೊಂದು ಅಡ್ಡ ಬೀಳುವಂತೆ ಇಡಿ. ಇದಕ್ಕೂ ಇಲಾಖೆಯ ಒಪ್ಪಿಗೆ ಬೇಕು, ಕೆಲಸ ಅವರು ಹೇಳಿದ ಬೇಸಿಗೆ ಅವಧಿಯಲ್ಲೇ. ಹಾಕುವ ಮುಂಚೆ ಪ್ರತಿ ಮಡುವಿನ ಅತಿ ಆಳದಿಂದ, ಅದರ ಕೆಳತುದಿಯಲ್ಲಿ ನೀರು ಹೊರಬೀಳುವ ದಿಬ್ಬದ ಮೇಲಿನ ಆಳವನ್ನು ಕಳೆದು ಬರೆದಿಡಿ; ನೀರು ಹೆಚ್ಚು ಕಡಿಮೆಯಾದರೂ ಈ ಅಂಕಿ ಬದಲಾಗದು, ಮುಂದಿನ ವರ್ಷ ನೇರ ಹೋಲಿಸಬಹುದು.

ಇನ್ನೊಂದು ಎಚ್ಚರಿಕೆ. ಒರೆಗಾನ್‌ನ ಬ್ರಿಡ್ಜ್ ಕ್ರೀಕ್‌ನಲ್ಲಿ ಬೀವರ್ ಕಟ್ಟೆಯಂಥ ಕೃತಕ ಕಟ್ಟೆಗಳನ್ನು ಹಾಕಿದ ಮೇಲೆ ಸ್ಟೀಲ್‌ಹೆಡ್ ಮರಿಗಳ ಸಾಂದ್ರತೆ, ಉಳಿವು, ಒಟ್ಟು ಉತ್ಪತ್ತಿ ಏರಿದವು. ನಿಮ್ಮಲ್ಲೂ ದಿಮ್ಮಿ ಹಾಕಿದ ಮೇಲೆ ಮರಿಗಳು ಹೆಚ್ಚಿ, ಸರಾಸರಿ ಉದ್ದ ಇದ್ದಲ್ಲೇ ಇರಬಹುದು ಅಥವಾ ತುಸು ಇಳಿಯಬಹುದು. ಅದನ್ನು ಸೋಲೆಂದು ಬರೆಯಬೇಡಿ. ಚದರ ಮೀಟರಿಗೆ ಎಷ್ಟು ಗ್ರಾಂ ಮೀನು ಎಂದು ಲೆಕ್ಕ ಹಾಕಿ.

ಎರಡೂ ತೊರೆಯ ಜುಲೈ, ಆಗಸ್ಟ್ ಉಷ್ಣಾಂಶದ ಕಡತ, 100 ಮೀಟರ್ ಉದ್ದದಲ್ಲಿ ಸಿಕ್ಕ ಮರಿಗಳ ಸಂಖ್ಯೆ, ಬದಿಗಾಲುವೆಗಳ ಬಾಯಿಯ ಫೋಟೊ ಇಲ್ಲೇ ಹಾಕಿ. ಅದು ಬಂದ ಮೇಲೆ ದಿಮ್ಮಿ ಎಲ್ಲಿ ಅನ್ನುವುದನ್ನು ಜಾಗ ಜಾಗವಾಗಿ ನೋಡೋಣ.